ದೋಣಿಗೊಂದು ಬಂಡಿ

ನನ್ನ ಅಕ್ಕನ ಮಗ ಅಮೆರಿಕದ ಮಿನಿಸೋಟಾದಲ್ಲಿದ್ದಾನೆ. ಹತ್ತು ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದರೂ 11,842 ಕೆರೆಗಳಿರುವ ರಾಜ್ಯ ಅದು. ಅಲ್ಲಿ ದೋಣಿ ಇಲ್ಲದವನಿಗೆ ನೆರೆಮನೆಯವರು ಬೆಂಕಿ ನೀರು ಕೊಡುವುದಿಲ್ಲವೋ ಏನೋ, ಇವನೂ ಹದಿನಾಲ್ಕು ಅಡಿಯ ಒಂದು ಅಲ್ಯೂಮಿನಿಯಂ ದೋಣಿ ಕೊಂಡ. ಕೊಂಡ ದಿನವೇ ವಿಡಿಯೊ ಕಾಲ್ ಮಾಡಿದ. ತೋರಿಸಿದ್ದು ಮಾತ್ರ ದೋಣಿಯನ್ನಲ್ಲ, ದೋಣಿಯ ಕೆಳಗಿದ್ದ ಗಾಡಿಯನ್ನು.

"ಮಾಮಾ, ಇದಕ್ಕ ಟಿಲ್ಟ್ ಟ್ರೇಲರ್ ಅಂತಾರ. ಈ ಪಿನ್ ಜಗ್ಗಿದ್ರ ಸಾಕು, ಹಿಂದಿನ ಬಾಜು ಕೆಳಗ ಬಾಗ್ತದ. ದೋಣಿ ಸರ್ರಂತ ಜಾರಿ ನೀರಿಗಿ ಹೋಗ್ತದ."

"ಹಂಗಾದ್ರ ದೋಣಿನ ಟ್ರೇಲರ್ ಹೊರ್ತದ, ಟ್ರೇಲರ್‌ನ ಕಾರು ಎಳೀತದ, ಕಾರಿನ ಕಂತು ನೀ ಹೊರ್ತಿ. ಒಟ್ಟಿನ್ಯಾಗ ಯಾರು ಯಾರ ಮ್ಯಾಲ ಕುಂತೀರಿ ಹೇಳಪಾ" ಅಂದೆ. ಸಿಗ್ನಲ್ ಹೋಯಿತೆಂದು ಫೋನ್ ಇಟ್ಟ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಡಿಸೆಂಬರಿನಲ್ಲಿ ಊರಿಗೆ ಬಂದವನನ್ನು ಬೋನಾಳದ ಕೆರೆಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಬಂದ ನೆಂಟರಿಗೆ ಮೊದಲು ಚಹಾ, ಆಮೇಲೆ ಬೋನಾಳ. ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆ ಎನ್ನುತ್ತಾರೆ. ಸುಮಾರು 700 ಎಕರೆ ಎನ್ನುತ್ತಾರೆ. ರಂಗನತಿಟ್ಟು ಬಿಟ್ಟರೆ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮ ಇದೇ ಎನ್ನುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೆ ನೆಂಟರು ಕೊಂಚ ತಲೆದೂಗುವುದು ವಾಡಿಕೆ. ಇವನು ತೂಗಲಿಲ್ಲ. ಏರಿಯ ಮೇಲೆ ನಿಂತು ಇಳಿಜಾರನ್ನೇ ದಿಟ್ಟಿಸುತ್ತಿದ್ದ.

"ಮಾಮಾ, ಇಲ್ಲಿ ರ‍್ಯಾಂಪ್ ಎಲ್ಲಿ ಅದ?"

ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಕೂತಿದ್ದವು. ಹಿಮಾಲಯ ದಾಟಿ ಬಂದ ಹಕ್ಕಿಗಳು. "ಅವನ್ನ ಕೇಳು. ಅಷ್ಟು ದೂರದಿಂದ ಬಂದಾವ, ಯಾವ ರ‍್ಯಾಂಪಿನ್ಯಾಗ ಇಳದ್ವಂತ" ಎಂದೆ. ಅಲ್ಲೇ ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿಯೊಂದು ಉದ್ದ ಬೆರಳುಗಳನ್ನು ಎತ್ತಿ ಎತ್ತಿ ಇಡುತ್ತ, ಹೊಸ ಚಪ್ಪಲಿ ಹಾಕಿಕೊಂಡ ಸೊಸೆಯ ಹಾಗೆ ನಡೆಯುತ್ತಿತ್ತು. ಇದು ಹಕ್ಕಿಗಳ ಮನೆ, ಇಲ್ಲಿ ನಿನ್ನ ದೋಣಿಗೆ ಜಾಗವಿಲ್ಲ ಎಂದು ತಿಳಿಹೇಳಿದೆ. ಅಳಿಯ ನಿಟ್ಟುಸಿರು ಬಿಟ್ಟು ಏರಿಯ ಮೇಲೆಯೇ ಪಾಠ ಶುರು ಮಾಡಿದ.

ಅವನ ಪಾಠದ ಸಾರ ಇಷ್ಟು. ಸಾದಾ ಟ್ರೇಲರ್ ಆದರೆ ಗಾಲಿ ಮುಳುಗುವ ತನಕ ನೀರಿಗೆ ಇಳಿಸಬೇಕು. ಹೆದ್ದಾರಿಯಲ್ಲಿ ಓಡಿ ಬಂದ ಗಾಲಿಯ ಗುಂಬ ಕಾದಿರುತ್ತದೆ. ಅದನ್ನು ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ, ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸು ಕೆಟ್ಟು, ಬೇರಿಂಗ್ ತುಕ್ಕು ಹಿಡಿದು, ಒಂದು ದಿನ ನಡುದಾರಿಯಲ್ಲಿ ಗಾಲಿ ಕಳಚಿ ದೋಣಿಗಿಂತ ಮುಂದೆ ಓಡುತ್ತದೆ. ಟಿಲ್ಟ್ ಟ್ರೇಲರ್‌ಗೆ ಆ ಕಾಟ ಕಡಿಮೆ. ಗಾಲಿ ದಂಡೆಯಲ್ಲೇ ನಿಲ್ಲುತ್ತದೆ, ಮೇಲಿನ ಹಾಸು ಮಾತ್ರ ಏತದ ಹಾಗೆ ಬಾಗುತ್ತದೆ. ಮರಳಿ ಹೇರುವಾಗ ದೋಣಿಯ ಮೂತಿಗೆ ಪಟ್ಟಿ ಸಿಕ್ಕಿಸಿ, ಕೈರಾಟೆ ತಿರುಗಿಸಿ ಎಳೆಯಬೇಕು. ದೋಣಿಯ ಭಾರ ಅಚ್ಚು ದಾಟಿ ಮುಂದೆ ಬಂತೋ, ಹಾಸು ತಾನಾಗಿಯೇ ಧಡ್ಡನೆ ಸಮಕ್ಕೆ ಬೀಳುತ್ತದೆ. ಆಗ ಪಿನ್ ಹಾಕಬೇಕು. "ಪಿನ್ ಮರತ್ರ ಕೆಟ್ಟಂಗ, ಮಾಮಾ" ಎಂದು ಎರಡು ಸಲ ಹೇಳಿದ. ಈ ಮಾತು ನೆನಪಿರಲಿ.

ನನಗೆ ನಗು ತಡೆಯಲಾಗಲಿಲ್ಲ. ಹೊಲದ ದಾರಿಯಲ್ಲಿ ನಾವು ದಿನಾ ನೋಡುವ ಎರಡು ಗಾಲಿಯ ಬಂಡಿ ಇದಲ್ಲದೆ ಇನ್ನೇನು? ಎತ್ತು ಬಿಚ್ಚಿ ಮೂಕಿ ಮೇಲೆತ್ತಿದರೆ ಹಿಂಭಾಗ ನೆಲಕ್ಕೆ ಹತ್ತುತ್ತದೆ, ಗೊಬ್ಬರ ತಾನೇ ಜಾರುತ್ತದೆ. ನಮ್ಮಜ್ಜ ಇದಕ್ಕೆ ಪಿನ್ ಅನ್ನಲಿಲ್ಲ, ಟಿಲ್ಟ್ ಅನ್ನಲಿಲ್ಲ, ಸಾಲವನ್ನೂ ಮಾಡಲಿಲ್ಲ. ಇನ್ನು ಗಾಲಿ ನೀರು ಕಂಡರೆ ಕೆಡುತ್ತದೆ ಎನ್ನುವುದಂತೂ ನಮಗೆ ಉಲ್ಟಾ ಮಾತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾದಾಗ ಬಂಡಿಯನ್ನು ಬೇಕೆಂದೇ ಹಳ್ಳಕ್ಕೆ ಇಳಿಸಿ ನಿಲ್ಲಿಸುತ್ತಿದ್ದರು. ಕಟ್ಟಿಗೆ ಉಬ್ಬಿ ಪಟ್ಟಿ ಬಿಗಿಯಾಗುತ್ತಿತ್ತು. ಅಚ್ಚಿಗೆ ಎರಡು ಹನಿ ಕೀಲೆಣ್ಣೆ ಬಿಟ್ಟರೆ ಮುಗಿಯಿತು. ಇವರ ಗಾಲಿ ನೀರಿಗೆ ಹೆದರಿದರೆ ನಮ್ಮ ಗಾಲಿ ನೀರಲ್ಲೇ ರಿಪೇರಿ.

"ಅಂದ್ರೂ ರಿವರ್ಸ್ ಹೊಡೆಯೋದು ಭಾಳ ಕಠಿಣ, ಮಾಮಾ" ಎಂದು ದನಿ ಇಳಿಸಿದ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದಂತೆ. ಗಾಡಿ ಗಿಡ್ಡ ಇದ್ದಷ್ಟೂ ಸೊಕ್ಕು ಜಾಸ್ತಿಯಂತೆ. ಬೇಸಿಗೆಯ ಭಾನುವಾರ ರ‍್ಯಾಂಪಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಯಾರು ತಪ್ಪುತ್ತಾರೆ ಎಂದು ನೋಡಲಿಕ್ಕೇ ಕೂರುವ ಮಂದಿ ಅಲ್ಲೂ ಇದ್ದಾರಂತೆ. ಕೇಳಿ ಬಹಳ ಸಮಾಧಾನವಾಯಿತು. ಕಟ್ಟೆ ಎಲ್ಲಾ ಊರಲ್ಲೂ ಇದೆ. ಅಳಿಯ ಮೊದಲ ಸಲ ದೋಣಿ ಇಳಿಸಿದ ದಿನ ಈ ಕುರ್ಚಿಗಳವರಿಗೆ ಹಬ್ಬವಾಗಿತ್ತು. ಮಳೆನೀರು ಬಸಿಯಲೆಂದು ದೋಣಿಯ ಹಿಂಬದಿಯಲ್ಲಿ ಒಂದು ತೂತು ಇರುತ್ತದೆ. ನೀರಿಗಿಳಿಸುವ ಮೊದಲು ಅದಕ್ಕೆ ಬೂಚು ಜಡಿಯಬೇಕು. ಇವನ ಬೂಚು ಮನೆಯಲ್ಲಿ, ಕೀಲಿಕೈ ಗೊಂಚಲಿನ ಪಕ್ಕ, ಮರೆಯಬಾರದೆಂದು ಎತ್ತಿಟ್ಟ ಜಾಗದಲ್ಲೇ ಭದ್ರವಾಗಿತ್ತು.

ನಮ್ಮ ಜೊತೆ ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ಅಷ್ಟು ಹೊತ್ತು ಸುಮ್ಮನಿದ್ದ. ಹತ್ತಿ ಹೇರಿದ ಟ್ರ್ಯಾಲಿಯನ್ನು ಶಹಾಪುರದ ಜಿನ್ನಿಂಗ್ ಮಿಲ್ಲಿನ ಗೇಟಿನಲ್ಲಿ, ಬಾಯಲ್ಲಿ ಬೀಡಿ ಇಟ್ಟುಕೊಂಡು, ಹಿಂದೆ ನೋಡದಂತೆ ರಿವರ್ಸ್ ಹೊಡೆಯುವ ಆಸಾಮಿ. "ಸ್ಟೇರಿಂಗ್ ಮ್ಯಾಲ ಹಿಡಿಬ್ಯಾಡ್ರಿ ಸಾಹೇಬ್ರ, ಬುಡಕ ಹಿಡೀರಿ. ಟ್ರ್ಯಾಲಿ ಯಾಕಡಿ ಹೋಗಬೇಕೊ ಕೈ ಆಕಡಿ ಒಯ್ರಿ. ಮುಗೀತು" ಎಂದ. ಅಳಿಯ ಗಾಳಿಯಲ್ಲೇ ಸ್ಟೇರಿಂಗ್ ಹಿಡಿದು ನಾಲ್ಕು ಸಲ ತಿರುವಿ ನೋಡಿದ. ಮುಖ ಅರಳಿತು. ಮಿನಿಸೋಟಾದ ಮೂರು ಬೇಸಿಗೆ ಕಲಿಸದ್ದನ್ನು ಬೋನಾಳದ ಏರಿ ಮೂರು ನಿಮಿಷದಲ್ಲಿ ಕಲಿಸಿತ್ತು. (ಔರಂಗಜೇಬನೂ 1705ರಲ್ಲಿ ಇದೇ ಸೀಮೆಯ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಲು ಗಾಲಿಯ ಮೇಲೆ ಫಿರಂಗಿ ಎಳೆಸಿಕೊಂಡು ಬಂದಿದ್ದ. ಆ ಫಿರಂಗಿಗಳನ್ನು ರಿವರ್ಸ್ ಹೊಡೆದವರು ಯಾರು ಎಂಬುದು ನನ್ನ ಬಹುದಿನದ ಕುತೂಹಲ.)

ಗೆದ್ದ ಹುಮ್ಮಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನಮ್ಮ ಹಿರಿಯರಿಗೆ ಟ್ರೇಲರೇ ಬೇಕಿರಲಿಲ್ಲ, ಯಾಕೆಂದರೆ ಅವರ ದೋಣಿ ತಲೆಯ ಮೇಲೆ ಬರುತ್ತಿತ್ತು ಎಂದು ಹರಗೋಲಿನ ಪುರಾಣ ಬಿಚ್ಚಿದೆ. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಚೀಲ, ಡಾಂಬರು. ಗಡಿಯಾಚೆ ತೆಲುಗರು ಪುಟ್ಟಿ ಎನ್ನುತ್ತಾರೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸರ ಡೊಮಿಂಗೊ ಪಾಯಸ್, ಬುಟ್ಟಿಯಂಥ ಈ ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಆದರೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಅವನಿಗಿಂತ ಎಷ್ಟೋ ಶತಮಾನ ಮೊದಲು ಗ್ರೀಕರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಹೇಳಿದ್ದು ಇನ್ನೂ ಸೊಗಸು. ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತಂತೆ. ಹೊಳೆಯ ಸೆಳವಿನ ಜೊತೆ ಊರು ತಲುಪಿ, ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನಷ್ಟೇ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ವಾಪಸು. ಹೋಗುವಾಗ ದೋಣಿ ಕತ್ತೆಯನ್ನು ಹೊತ್ತರೆ ಬರುವಾಗ ಕತ್ತೆ ದೋಣಿಯನ್ನು. "ಲೆಕ್ಕ ಚುಕ್ತಾ. ನಿನ್ನ ಟ್ರೇಲರ್ ಎಂದರ ದೋಣ್ಯಾಗ ಕುಂತದೇನು?" ಎಂದು ಕೇಳಿದೆ.

ಅಳಿಯ ಪಂಥ ಕಟ್ಟಿದ. ಬಂಡಿಯ ಮೇಲಿಂದ ಹರಗೋಲನ್ನು ನೀರಿಗೆ ಜಾರಿಸಿ ತೋರಿಸಬೇಕು. ಸೋತವರು ಎಲ್ಲರಿಗೂ ಸೂಸಲ, ಮಿರ್ಚಿ ಕೊಡಿಸಬೇಕು. ಮರುದಿನ ತಿಂಥಣಿಗೆ ಹೋದೆವು. ಮೌನೇಶ್ವರನಿಗೆ ಕಾಯಿ ಒಡೆಸಿ ಕೃಷ್ಣೆಯ ದಂಡೆಗಿಳಿದರೆ ಅಂಬಿಗನೊಬ್ಬ ಹರಗೋಲು ಮಗುಚಿ ಹಾಕಿ, ಅದರ ನೆರಳಲ್ಲೇ ಬಲೆ ಹೊಲಿಯುತ್ತಿದ್ದ. ಸಂಗತಿ ಕೇಳಿ, ಬಂಡಿಯನ್ನೂ ನಮ್ಮನ್ನೂ ಒಮ್ಮೆ ನೋಡಿ, "ಹತ್ತು ಹೆಜ್ಜಿ ದೂರಕ್ಕ ಬಂಡಿ ಯಾಕ್ರಿ ಮಾಸ್ತರ್ರ?" ಎಂದ. ಅಂಬಿಗರ ಚೌಡಯ್ಯನ ಕಾಲದಿಂದ ಇವರ ಬಾಯಿ ಹೀಗೇ. ಪ್ರಯೋಗ ಎಂದೆ. ಪ್ರಯೋಗಕ್ಕೆ ಮೊದಲು ಅಳಿಯನನ್ನು ಹರಗೋಲಿನಲ್ಲಿ ಕೂರಿಸಿ ಕೈಗೆ ಹುಟ್ಟು ಕೊಟ್ಟ. ಅಳಿಯ ತನ್ನ ದೋಣಿಯ ರೂಢಿಯಂತೆ ಹಿಂದೆ ಕೂತು ಹುಟ್ಟು ಹಾಕಿದ. ಹರಗೋಲು ಇದ್ದಲ್ಲೇ ಗಿರಗಿರ ಏಳು ಸುತ್ತು ತಿರುಗಿತು. ಪಾಯಸನ ಮಾತು ಐನೂರು ವರ್ಷದ ಮೇಲೆ ರುಜುವಾತಾಯಿತು. ಮುಂದಕ್ಕೆ ಬಾಗಿ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳಬೇಕು ಎಂದು ಅಂಬಿಗ ಹೇಳಿಕೊಟ್ಟಿದ್ದು ಆರನೇ ಸುತ್ತಿನ ನಂತರ. ಬೇಕೆಂದೇ ತಡ ಮಾಡಿದ ಎಂದು ನನ್ನ ಗುಮಾನಿ.

ಆಮೇಲೆ ಪ್ರಯೋಗ. ಬಂಡಿಯ ಹಿಂಬದಿಯನ್ನು ನೀರಿನ ಕಡೆ ಮಾಡಿ, ಎತ್ತು ಬಿಚ್ಚಿ, ಹರಗೋಲನ್ನು ಮೇಲಿಟ್ಟೆವು. ಮೂಕಿ ಮೆಲ್ಲಗೆ ಎತ್ತುವುದು ಹೇಗೆಂದು ತೋರಿಸಲು ನಾನೇ ನೊಗದ ಮೇಲೆ ಎದೆ ಊರಿ ನಿಂತೆ. ಅಷ್ಟರಲ್ಲಿ ಸುತ್ತ ನೆರೆದಿದ್ದ ಹುಡುಗರಲ್ಲಿ ನಾಲ್ಕೈದು ಮಂದಿ, ದೋಣಿ ಅಂದ ಮೇಲೆ ಕೂರಲಿಕ್ಕೇ ಇರುವುದೆಂದು, ಹಿಂದಿನಿಂದ ಹತ್ತಿ ಹರಗೋಲಿನೊಳಗೆ ಕುಕ್ಕರಿಸಿದರು. ಭಾರ ಅಚ್ಚು ದಾಟಿ ಹಿಂದೆ ಹೋಯಿತು. ಮೂಕಿ ಮೇಲೆ ಹೋಯಿತು. ಮೂಕಿಯ ಜೊತೆ ಧೋತರ ಸಮೇತ ನಾನೂ ಹೋದೆ.

ಮೇಲಿನಿಂದ ಕೃಷ್ಣೆ ಬಹಳ ಚೆನ್ನಾಗಿ ಕಾಣುತ್ತಾಳೆ. ಸೇತುವೆ, ದೇವದುರ್ಗದ ಕಡೆಯ ದಂಡೆ, ಎಲ್ಲ ಕಂಡವು. ಕೆಳಗೆ ಅಳಿಯ ಫೋನ್ ಹಿಡಿದು ವಿಡಿಯೊ ಮಾಡುತ್ತಿರುವುದೂ ಕಂಡಿತು.

"ಮಾಮಾ, ಪಿನ್ ಹಾಕೋದು ಮರ್ತ್ರಿ" ಎಂದ.

ಅಂಬಿಗ ಬಲೆ ಬದಿಗಿಟ್ಟು ಎದ್ದು ಬಂದ. ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದ. ಒಬ್ಬ ಇಳಿದಂತೆಲ್ಲ ನಾನು ಒಂದೊಂದು ಗೇಣು ಇಳಿಯುತ್ತ ಬಂದು, ಕೊನೆಯವನು ಹಾರಿದಾಗ ಧಡ್ಡನೆ ಸಮಕ್ಕೆ ಬಿದ್ದೆ. ಅಂಬಿಗ ಹರಗೋಲನ್ನು ಎತ್ತಿ ತಲೆಯ ಮೇಲೆ ಮಗುಚಿಕೊಂಡ. ಸೊಂಟದಿಂದ ಮೇಲೆ ಆಸಾಮಿಯೇ ಕಾಣದು, ಎರಡು ಕಾಲಿನ ದೊಡ್ಡ ಆಮೆಯೊಂದು ನೀರಿನ ಕಡೆ ನಡೆದ ಹಾಗಿತ್ತು. ಹತ್ತು ಹೆಜ್ಜೆ ಇಟ್ಟು, ಹರಗೋಲನ್ನು ನೀರಿಗೆ ಬಿಟ್ಟು, ಹುಟ್ಟು ಅಡ್ಡ ಹಿಡಿದು ತಿರುಗಿ ನೋಡಿದ.

"ಬರ್ರಿ ಮಾಸ್ತರ್ರ, ಕುಂಡರ್ರಿ. ಮಿರ್ಚಿ ಆಚಿ ದಂಡ್ಯಾಗ ಛಲೋ ಮಾಡ್ತಾರ."