ಮುಂದಿನ ಹಲ್ಲು ಮುರಿದಾಗ: ಮನೆಮಂದಿಗೊಂದು ಕೈಪಿಡಿ

ಹಲ್ಲು ಮುರಿದುಕೊಂಡ ಹುಡುಗ ಅಳುವುದರಲ್ಲಿ ಮಗ್ನನಾಗಿರುವುದರಿಂದ ಈ ಕೈಪಿಡಿಯನ್ನು ಸುತ್ತ ನೆರೆದವರಿಗಾಗಿ ಬರೆಯಲಾಗಿದೆ.

ಹಂತ 1: ವಿಚಾರಣೆ ಮುಂದೂಡಿ. ಯಾರು ತಳ್ಳಿದರು, ಬೋರ್‌ವೆಲ್ಲಿನ ಹಿಡಿಕೆ ಬಿಟ್ಟವರಾರು, ಸೈಕಲ್ ಕೊಡಿಸಿ ಕೆಡಿಸಿದ ಸೋದರಮಾವ ಎಲ್ಲಿ ಎಂಬ ಪ್ರಶ್ನೆಗಳು ನಾಳೆಗೂ ಹಳಸುವುದಿಲ್ಲ. ಅಜ್ಜಿ ‘ನಾನು ಆವತ್ತೇ ಬಡ್ಕೊಂಡೆ’ ಎನ್ನುವ ಮೊದಲೇ ಎಲ್ಲರೂ ಬಗ್ಗಿ ನೆಲ ನೋಡಿ. ಚೂರು ಸಿಕ್ಕಿತೇ? ನೀರಿನಲ್ಲಿ ಹಾಕಿ. ಕರ್ಚೀಫಿನಲ್ಲಿ ಕಟ್ಟಿ ತಂದರೆ ಒಣಗಿ ಬಿಳಿಚುತ್ತದೆ, ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಸಿಗಲಿಲ್ಲವೇ? ಒಡೆದ ತುಟಿಯೊಳಗೇ ಹೂತಿರುವುದುಂಟು. ಡಾಕ್ಟರು ತುಟಿಗೂ ಎಕ್ಸ್‌ರೇ ತೆಗೆದರೆ ಬಿಲ್ಲು ಬೆಳೆಸಲಿಕ್ಕೆಂದು ಗೊಣಗಬೇಡಿ.

ಹಂತ 2: ಬುಡಸಮೇತ ಬಂದಿದ್ದರೆ ನಿಯಮ ಬೇರೆ. ಚೂರಿಗೆ ನೀರು, ಇಡೀ ಹಲ್ಲಿಗೆ ಹಾಲು. ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಕೊಳೆಯಿದ್ದರೆ ಒಮ್ಮೆ ತೊಳೆದು, ಇದ್ದ ಗುಳಿಯಲ್ಲೇ ಕೂರಿಸಿ. ಧೈರ್ಯ ಸಾಲದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಓಡಿ. ಬಿಸಿಲಲ್ಲಿ ಒಂದು ಗಂಟೆ ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಉಳಿಯುವುದಿಲ್ಲ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಕೂಡದು, ಒಳಗೆ ಕಾದಿರುವ ಹೊಸ ಹಲ್ಲಿಗೆ ಪೆಟ್ಟು. ಅದನ್ನು ಸೂರಿನ ಮೇಲೆಸೆಯಲು ಅಭ್ಯಂತರವಿಲ್ಲ.

ಹಂತ 3: ಬಣ್ಣ ನೋಡಿ. ಬಿಳಿ ಅಂಚಷ್ಟೇ ಹೋಗಿದ್ದರೆ ಉಜ್ಜಿ ನಯಮಾಡುತ್ತಾರೆ. ಹಳದಿ ಕಂಡರೆ ಗಾಳಿ ಸೋಕಿದರೂ ಜುಮ್ಮೆನ್ನುತ್ತದೆ, ಮುಚ್ಚಲೇಬೇಕು. ಕೆಂಪು ಚುಕ್ಕೆ, ಅಂದರೆ ತೆರೆದುಕೊಂಡ ನರ, ಕಂಡಿತೋ, ಪಕ್ಕದ್ಮನೆಯವರು ‘ರೂಟ್ ಕೆನಾಲ್ ಮಾಡ್ಸಿ ಕ್ಯಾಪ್ ಹಾಕ್ಸಿಬಿಡಿ’ ಎಂದು ತೀರ್ಪು ಕೊಡುತ್ತಾರೆ. ಅವರಿಗೊಂದು ಲೋಟ ಕಾಫಿ ಕೊಟ್ಟು ಕೂರಿಸಿ. ಮೇಲಿನ ನಡುಹಲ್ಲು ಏಳೆಂಟು ವರ್ಷಕ್ಕೆ ಹುಟ್ಟುತ್ತದೆ, ಅದರ ಬೇರು ಪೂರ್ತಿಯಾಗಲು ಮತ್ತೆ ಮೂರು ವರ್ಷ ಹಿಡಿದೀತು. ನರ ಸತ್ತರೂ ತೆಗೆದರೂ ಬೇರು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಕೆಂಪಾದ ಭಾಗದ ಸುಮಾರು 2 ಮಿ.ಮೀ. ಮಾತ್ರ ತೆಗೆದು, ಔಷಧಿಯಿಂದ ಮುಚ್ಚಿ, ಉಳಿದದ್ದನ್ನು ಬದುಕಲು ಬಿಡುತ್ತಾರೆ. ಸ್ವೀಡನ್ನಿನ ತ್ಸ್ವೆಕ್ ಎಂಬ ದಂತವೈದ್ಯರು 1978ರಲ್ಲಿ ಬರೆದ ಈ ಉಪಾಯಕ್ಕೆ ಅವರದೇ ಹೆಸರು ಅಂಟಿಕೊಂಡಿದೆ. ನನ್ನ ಕೇಳಿದರೆ ಹಲ್ಲಿನ ವೈದ್ಯದಲ್ಲಿ ಇದಕ್ಕಿಂತ ದಯೆಯ ಕೆಲಸ ಕಡಿಮೆ.

ಹಂತ 4: ಜೋಡಣೆ. ‘ಆಸಿಡ್ ಹಾಕ್ತೀವಿ’ ಎಂದಾಗ ಅಮ್ಮಂದಿರು ಎದ್ದು ನಿಲ್ಲಬೇಕಿಲ್ಲ. ಬ್ಯೂನೊಕೋರ್ ಎಂಬ ದಂತವೈದ್ಯರು 1955ರಲ್ಲಿ ತೋರಿಸಿಕೊಟ್ಟ ಹಾಗೆ, ಫಾಸ್ಫಾರಿಕ್ ಆಸಿಡ್ಡು ಹಲ್ಲಿನ ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡಿ ಅಂಟಿಗೆ ಹಿಡಿತ ಕೊಡುತ್ತದೆ, ಅಷ್ಟೆ. ಆಮೇಲೆ ನೀಲಿ ಬೆಳಕು ಬಿಟ್ಟು ಗಟ್ಟಿಮಾಡುತ್ತಾರೆ. ಚೂರು ತಂದಿದ್ದರೆ ಅದನ್ನೇ, ಇಲ್ಲದಿದ್ದರೆ ಹಲ್ಲಿನದೇ ಬಣ್ಣದ ಕಾಂಪೊಸಿಟ್ ಎಂಬ ಭರ್ತಿಯನ್ನು.

ಬಳಕೆಯ ಷರತ್ತು: ಆರೆಂಟು ವಾರ ಕಳೆದ ಮೇಲೊಮ್ಮೆ, ವರ್ಷ ತುಂಬಿದಾಗೊಮ್ಮೆ ತೋರಿಸಿ. ‘ನೋವೇ ಇಲ್ವಲ್ಲ, ಯಾಕೆ ದುಡ್ಡು ದಂಡ’ ಎನ್ನುವ ದೊಡ್ಡಪ್ಪನಿಗೆ, ನರ ನೋವು ಕೊಡದೆಯೂ ಸಾಯಬಲ್ಲದು, ಎಷ್ಟೋ ಸಲ ಹಲ್ಲು ಬೂದಿಬಣ್ಣಕ್ಕೆ ತಿರುಗಿದಾಗಲೇ ಮನೆಯವರಿಗೆ ತಿಳಿಯುವುದೆಂದು ಹೇಳಿ. ಸಂಕ್ರಾಂತಿಯ ಕಬ್ಬನ್ನು ಸಿಪ್ಪೆ ಹೆರೆದು, ತುಂಡು ಮಾಡಿ, ದವಡೆಗೆ ಕೊಡಿ.