ಐವತ್ತಕ್ಕೆ ಎರಡು ಕಡಿಮೆ

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಕಟ್ಟಡವೊಂದರ ಎರಡು ಕಂಬಗಳ ನಡುವೆ, ಸೀರೆಯ ಜೋಳಿಗೆಯಲ್ಲಿ ಮಲಗಿರುವ ಚಿರಂಜೀವಿ ಕೂಸಿಗೆ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಏನೇನು ಏರ್ಪಾಟು ಮಾಡಿದ್ದೇವೆಂದು ತಿಳಿಸೋಣವೆಂದೇ ಈ ಪತ್ರ. ನಿನಗಿನ್ನೂ ಎರಡು ವರ್ಷ, ಓದಲು ಬರುವುದಿಲ್ಲ. ಪರವಾಗಿಲ್ಲ, ನಿನ್ನ ಹೆಸರಲ್ಲಿ ಹೊರಟ ಆದೇಶಗಳನ್ನು ನಿನ್ನ ಅಮ್ಮನೂ ಓದಿಲ್ಲ.

ಮೊದಲು ಒಂದು ಆಕ್ಷೇಪಣೆ. ನೀನು ಊರು ಬಿಟ್ಟು ಬರಬಾರದಿತ್ತು. 2023ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಊಟ, ಆಟ, ನಿದ್ದೆ ಎಲ್ಲ ಅಲ್ಲೇ. ಒಳ್ಳೆಯ ಯೋಜನೆ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆದರೆ ನಿನ್ನ ಅಪ್ಪ ಅಮ್ಮ ಯಾದಗಿರಿ ಕಡೆಯ ಹೊಲ ಬಿಟ್ಟು, ರಾತ್ರಿ ಬಸ್ಸು ಹತ್ತಿ ಗುಳೆ ಬಂದರು. ಮನೆ ಅಲ್ಲಿ, ಕೂಸು ಇಲ್ಲಿ. ಇದಕ್ಕೆ ಸರ್ಕಾರ ಏನು ಮಾಡೀತು?

ಇರಲಿ, ಇಲ್ಲೂ ನಿನ್ನನ್ನು ಕೈಬಿಟ್ಟಿಲ್ಲ. ಕಾರ್ಖಾನೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿಯೇ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಬಂದ ಕಾಯ್ದೆ ಆ ಸಂಖ್ಯೆಯನ್ನು 50ಕ್ಕೆ ಏರಿಸಿತು, ಅದೂ ಹೆಂಗಸರನ್ನಷ್ಟೇ ಎಣಿಸಿ. ಮಕ್ಕಳಿಗೆ ಅಪ್ಪ ಇರುತ್ತಾನೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲವೇನೋ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಂಡಸರನ್ನೂ ಲೆಕ್ಕಕ್ಕೆ ಹಿಡಿಯಿತು, 50 ಉದ್ಯೋಗಿಗಳಿದ್ದರೆ ಸಾಕು ಎಂದಿತು. ಅಮ್ಮ ಮನೆಗೆಲಸಕ್ಕೆ ಹೋಗುವ ಮಕ್ಕಳ ಕಥೆ ಕೇಳಬೇಡ, ಅಲ್ಲಿ ಒಂದು ಮನೆಗೆ ಉದ್ಯೋಗಿ ಒಬ್ಬಳೇ.

ನೀನಿರುವಲ್ಲಿ ಇನ್ನೂರು ಮುನ್ನೂರು ಜನ ಓಡಾಡುತ್ತಿರುತ್ತಾರೆ ಅನ್ನುತ್ತೀಯಾ? ಕಣ್ಣಿಂದ ಎಣಿಸಬಾರದು ಮಗು, ಹಾಜರಿ ಪುಸ್ತಕದಿಂದ ಎಣಿಸಬೇಕು. ಕಂಬಿ ಕಟ್ಟುವವರು ಒಬ್ಬ ಮೇಸ್ತ್ರಿಯ ಕಡೆ, ಸೆಂಟ್ರಿಂಗಿನವರು ಇನ್ನೊಬ್ಬನ ಕಡೆ, ಟೈಲ್ಸಿನವರು ಮತ್ತೊಬ್ಬನ ಕಡೆ. ಬಾಂಡ್ಲಿ ಹೊರುವ ನಿನ್ನ ಅಮ್ಮನ ಹೆಸರಿರುವ ಪುಸ್ತಕದಲ್ಲಿ 48 ಜನ. ಪುಸ್ತಕ ಪಕ್ಕಾ ಇದೆ.

ದುಡ್ಡಿಗೂ ಕೊರತೆಯಿಲ್ಲ. ನಿನ್ನ ತಲೆಯ ಮೇಲೆ ಏಳುತ್ತಿರುವ ಈ ಹದಿನಾಲ್ಕು ಮಹಡಿಗಳ ನಿರ್ಮಾಣ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ಸು ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಬೇಕು. ಅದರಿಂದ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನವೂ ಉಂಟು. ಅಮ್ಮ ಮಾಡಬೇಕಾದದ್ದು ಇಷ್ಟೇ: ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತಂದು ಕಾರ್ಡು ಮಾಡಿಸುವುದು. ಆ ವರ್ಷದಲ್ಲಿ ಅವಳು ಕೆಲಸ ಮಾಡಿದ್ದು ನಾಲ್ಕು ಸೈಟುಗಳಲ್ಲಿ. ಮೇಸ್ತ್ರಿಗಳಲ್ಲಿ ಒಬ್ಬ ಫೋನ್ ನಂಬರ್ ಬದಲಿಸಿದ್ದಾನೆ.

ಮೂರು ತುಂಬಿದರೆ ಅಂಗನವಾಡಿಯ ಶಾಲಾಪೂರ್ವ ತರಗತಿಗೆ ಹೋಗಬಹುದು. ಹಾಲು, ಮೊಟ್ಟೆ, ಹಾಡು ಹೇಳಿಕೊಡುವ ಟೀಚರು, ಎಲ್ಲ ಚೆನ್ನ. ಸಂಜೆ ನಾಲ್ಕಕ್ಕೆ ಬಾಗಿಲು. ಅಮ್ಮನ ಕೆಲಸ ಮುಗಿಯುವುದು ಆರಕ್ಕೆ. ನಡುವಿನ ಆ ಎರಡು ತಾಸು ಯಾವ ಇಲಾಖೆಗೆ ಸೇರಿದ್ದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ನಿನ್ನ ಸರ್ವತೋಮುಖ ಬೆಳವಣಿಗೆಯ ಬಗ್ಗೆ ಮಾತ್ರ ನನಗೆ ಹೊಟ್ಟೆಕಿಚ್ಚು. ಈ ಅಪಾರ್ಟ್‌ಮೆಂಟಿನ ಬ್ರೋಷರಿನಲ್ಲಿ ಮಕ್ಕಳಿಗೆಂದೇ ಮರಳಿನ ಅಂಗಳವಿದೆ, ಅದನ್ನು ‘ಸೆನ್ಸರಿ ಪ್ಲೇ’ ಅನ್ನುತ್ತಾರೆ. ಬೇಸಿಗೆ ಶಿಬಿರಗಳಲ್ಲಿ ಮಣ್ಣು ಮುಟ್ಟಿಸುವುದಕ್ಕೆ ಸಾವಿರಗಟ್ಟಲೆ ಶುಲ್ಕ. ನೀನೋ ಬೆಳಗಿನಿಂದ ಎಂ-ಸ್ಯಾಂಡ್ ರಾಶಿಯ ಮೇಲೆ ಪುಕ್ಕಟೆ ಉರುಳುತ್ತೀ. ಆಮೇಲೆ ಕೆಮ್ಮುತ್ತೀ, ನಿಜ. ಅದೇ ಬ್ರೋಷರಿನ ಹನ್ನೊಂದನೇ ಪುಟದಲ್ಲಿ ನೆಲಮಹಡಿಯ ಡೇ-ಕೇರ್ ಚಿತ್ರವಿದೆ. ಗೋಡೆಗೆ ಜಿರಾಫೆ, ನೆಲಕ್ಕೆ ರಬ್ಬರು. ಅದರ ಇಟ್ಟಿಗೆಯನ್ನು ಹೋದ ವಾರ ನಿನ್ನ ಅಮ್ಮನೇ ಹೊತ್ತಳು.

ಸದ್ಯಕ್ಕೆ ನಿನ್ನ ಶಿಶುಪಾಲನಾ ಕೇಂದ್ರವೆಂದರೆ ನಿನ್ನ ಅಕ್ಕ. ವಯಸ್ಸು ಎಂಟು. ನೀನು ಅತ್ತರೆ ಜೋಳಿಗೆ ತೂಗುತ್ತಾಳೆ, ಕಂಬಿಯತ್ತ ಅಂಬೆಗಾಲಿಟ್ಟರೆ ಎಳೆದು ತರುತ್ತಾಳೆ, ಹಸಿದರೆ ಟೀಯಲ್ಲಿ ಬನ್ನು ಅದ್ದಿ ಬಾಯಿಗಿಡುತ್ತಾಳೆ. ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಕಡ್ಡಾಯವೆಂದು 2009ರಲ್ಲೇ ಕಾಯ್ದೆಯಾಗಿದೆ, ಅವಳ ಹೆಸರೂ ಊರಿನ ಶಾಲೆಯ ಹಾಜರಿಯಲ್ಲಿ ಇನ್ನೂ ಇದೆ. ಈ ಕೇಂದ್ರ ತೆರೆಯುವುದಕ್ಕೆ ಐವತ್ತು ಜನ ಬೇಕಾಗಲಿಲ್ಲ, ಒಂದು ಮಗು ಶಾಲೆ ಬಿಟ್ಟಿದ್ದೇ ಸಾಕಾಯಿತು.

ನನಗೊಂದು ಉಪಾಯ ಹೊಳೆದಿತ್ತು. ಆ 48ಕ್ಕೆ ನಿನ್ನನ್ನೂ ಅಕ್ಕನನ್ನೂ ಸೇರಿಸಿದರೆ ಸರಿಯಾಗಿ ಐವತ್ತು! ವಿಚಾರಿಸಿದೆ, ಆಗುವುದಿಲ್ಲವಂತೆ. ಮಕ್ಕಳನ್ನು ಕೆಲಸಗಾರರ ಪಟ್ಟಿಗೆ ಸೇರಿಸುವುದು ಅಪರಾಧ. ಆ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು.

ಇಂತಿ ನಿನ್ನ ಹಿತೈಷಿ,
ಮೂರನೇ ಮಹಡಿಯ ಫ್ಲ್ಯಾಟಿಗೆ ಮುಂಗಡ ಕೊಟ್ಟವನು