ಜೇಬಿನಲ್ಲೊಬ್ಬ ಮಾರಿಯೋ

ಹಳೆಯ ಟಿ.ವಿ. ಗೇಮಿನ ಹೊಟ್ಟೆಯೊಳಗೆ ಹೆಚ್ಚೇನೂ ಇರುವುದಿಲ್ಲ. ನನ್ನ ಕಷ್ಟಗಳಿಗೆಲ್ಲ ಈ ಒಂದು ಸಂಗತಿಯೇ ಮೂಲ. ಸಜ್ಜಾ ಮೇಲಿಂದ ಇಳಿಸಿ, ಧೂಳು ಕೊಡವಿ, ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಕಂಡದ್ದು ಅಂಗೈ ಅಗಲದ ಒಂದು ಬೋರ್ಡು, ಅದರ ಮೇಲೆ ಕಪ್ಪು ಅಂಟಿನ ಒಂದು ಬೊಟ್ಟು. ಮಿಕ್ಕದ್ದೆಲ್ಲ ತೊಂಬತ್ತರ ದಶಕದ ಗಾಳಿ. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಪೆಟ್ಟಿಗೆ, ಹನುಮಂತನ ಬಾಲದಷ್ಟು ವೈರು, ಅಡಾಪ್ಟರು, ಎದುರಿಗೊಂದು ಟಿ.ವಿ. ಇಷ್ಟೆಲ್ಲ ಯಾಕೆ ಬೇಕು? ಒಂದು ಪುಟ್ಟ ಸ್ಕ್ರೀನು, ಎರಡು ಸೆಲ್ಲು ಸೇರಿಸಿದರೆ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದಲ್ಲ?

ಟಿ.ವಿ. ನನಗೆ ಸಿಗುವ ಸಂಭವವೂ ಇರಲಿಲ್ಲ. ಸಂಜೆ ಆರರಿಂದ ರಾತ್ರಿ ಊಟದವರೆಗೆ ಅದು ಅಮ್ಮನ ಧಾರಾವಾಹಿಗಳ ಸ್ವತ್ತು. ಆಮೇಲೆ ಅದೇ ಧಾರಾವಾಹಿಗಳ ಮುಂದಿನ ಸಂಚಿಕೆ ಹೇಗಿರಬಹುದು ಎಂದು ಹೆಂಡತಿಯೂ ಅಮ್ಮನೂ ಅದರ ಮುಂದೆಯೇ ಕೂತು ಚರ್ಚಿಸುತ್ತಾರೆ.

"ಫೋನಲ್ಲೇ ಆಡ್ಬಹುದಲ್ಲಪ್ಪಾ, ಎಮ್ಯುಲೇಟರ್ ಹಾಕ್ಕೊಂಡ್ರೆ ಎರಡು ನಿಮಿಷದ ಕೆಲ್ಸ" ಎಂದಳು ಮಗಳು. ಬಹಳ ಸರಿಯಾದ ಮಾತಾದ್ದರಿಂದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಓದುಗರೂ ಇನ್ನು ಮುಂದೆ ಆ ವಿಷಯ ಎತ್ತಬಾರದಾಗಿ ವಿನಂತಿ.

ಆ ಕಪ್ಪು ಬೊಟ್ಟಿನದು ದೊಡ್ಡ ಮನೆತನ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಮೆದುಳಿನ ವೇಗ 1.79 ಮೆಗಾಹರ್ಟ್ಸ್, ಕೆಲಸಕ್ಕಿದ್ದ ಮೆಮೊರಿ 2 ಕಿಲೋಬೈಟ್. ಈಗ ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಗುಲಾಬಿ ಅದರಲ್ಲಿ ಹಿಡಿಸುವುದಿಲ್ಲ. ಆಮೇಲೆ ನಕಲು ಮಾಡುವವರು ಅದರ ಚಿಪ್ಪುಗಳನ್ನೆಲ್ಲ ಒಂದರೊಳಗೇ ಅಡಕಿ, ಮೇಲೆ ಕಪ್ಪು ಅಂಟು ಸುರಿದು, ಲೋಕಕ್ಕೆಲ್ಲ ಹಂಚಿದರು. ನಮ್ಮೂರಿಗೆ ಬಂದದ್ದು ಈ ನಕಲು. ನಿಂಟೆಂಡೊ ಎಂಬ ಹೆಸರು ಕೇಳುವ ಮೊದಲೇ ನಾವು ಅದರ ಮಾರಿಯೋನನ್ನು ನೂರಾರು ಸಲ ಗುಂಡಿಗೆ ಬೀಳಿಸಿದ್ದೆವು. ಕ್ಯಾಸೆಟ್ಟಿನ ಮೇಲೆ 9999999 ಆಟಗಳು ಎಂದು ಬರೆದಿರುತ್ತಿತ್ತು. ಒಂದನೇ ಪುಟ ದಾಟಿದರೆ ಅವೇ ಆಟಗಳು ಮತ್ತೆ ಬರುತ್ತಿದ್ದವು, ಆದರೂ ಮೋಸವಾಯಿತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನನಗಿಂತ ಮುಂಚೆ ಈ ದಾರಿಯಲ್ಲಿ ನಡೆದವರಿದ್ದರು. ಅಮೆರಿಕದ ಬೆನ್ ಹೆಕೆಂಡಾರ್ನ್ ಎಂಬಾತ 2000ದಲ್ಲಿ ಅಟಾರಿ 2600 ಯಂತ್ರವನ್ನು ಕತ್ತರಿಸಿ ಕೈಯಲ್ಲಿ ಹಿಡಿಯುವಂತೆ ಮಾಡಿದ. ಆಮೇಲೆ ಅದೇ ಅವನ ಕಸುಬಾಯಿತು. ಅದಕ್ಕೂ ಮೊದಲು, 1995ರಲ್ಲಿ, ಸೆಗಾ ಕಂಪನಿ ತನ್ನ ಮನೆಯ ಯಂತ್ರವನ್ನೇ ಕುಗ್ಗಿಸಿ ನೊಮ್ಯಾಡ್ ಎಂದು ಮಾರಿತ್ತು. ಅದು ಆರು ಪೆನ್ಸಿಲ್ ಸೆಲ್ಲುಗಳನ್ನು ಎರಡು-ಮೂರು ಗಂಟೆಯಲ್ಲಿ ಮುಗಿಸಿ ಏಳನೆಯದಕ್ಕೆ ಬಾಯಿ ತೆರೆಯುತ್ತಿತ್ತು. ಅದೇ 1989ರಲ್ಲಿ ಬಂದ ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ದಿನಗಟ್ಟಲೆ ನಡೆಯುತ್ತಿತ್ತು. ಅದರ ಹಿಂದಿದ್ದ ಗುನ್ಪೇ ಯೊಕೊಯಿ ಬಣ್ಣವೂ ಬೇಡ, ಸ್ಕ್ರೀನಿನ ಹಿಂದೆ ಬೆಳಕೂ ಬೇಡ ಎಂದು ಕೂತಿದ್ದರು. ಪಾಪ, ಅವರಿಗೆ ಬಣ್ಣದ ಯೋಚನೆ ಹೊಳೆದಿರಲಿಲ್ಲವೇನೋ ಎಂದುಕೊಂಡೆ. ಹೊಳೆದು, ಲೆಕ್ಕ ಹಾಕಿ, ಬಿಟ್ಟಿದ್ದರು ಎಂಬುದು ನನಗೆ ಆಮೇಲೆ ಅಂಗೈಯ ಮೂಲಕ ತಿಳಿಯಿತು.

ಸ್ಕ್ರೀನಿಗಾಗಿ ಎಸ್.ಪಿ. ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಇಂಥ ಹುಚ್ಚುಗಳಿಗೆಲ್ಲ ಅಲ್ಲಿ ಬಿಡಿಭಾಗ ಸಿಗುತ್ತದೆ. ಕಾರಿನ ರಿವರ್ಸ್ ಕ್ಯಾಮೆರಾಕ್ಕೆ ಹಾಕುವ 4.3 ಇಂಚಿನ ಸ್ಕ್ರೀನು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಟಿ.ವಿ. ಗೇಮಿನ ಹಳದಿ ವೈರು ನೇರ ಅದಕ್ಕೆ ಚುಚ್ಚಿಕೊಳ್ಳುತ್ತದೆ.

"ಯಾವ ಗಾಡಿಗೆ ಸಾರ್?" ಎಂದ ಅಂಗಡಿಯ ಹುಡುಗ.

"ಗಾಡಿಗಲ್ಲಪ್ಪ, ಮಾರಿಯೋಗೆ."

"ಮಾರುತಿನಾ? ಸ್ವಿಫ್ಟಾ, ಆಲ್ಟೋನಾ?"

ಎಲ್ಲ ಬಿಡಿಸಿ ಹೇಳುವ ಬದಲು ಆಲ್ಟೋ ಎಂದೆ. ಹಿಂದಕ್ಕೆ ಹೋಗುವಾಗ ಗೋಡೆ ತಾಗದಂತೆ ಕ್ಯಾಮೆರಾವನ್ನು ಎಲ್ಲಿ ಕೂರಿಸಬೇಕೆಂದು ಅವನು ಬಹಳ ಹೊತ್ತು ವಿವರಿಸಿದ. ನಾನು ತಲೆಯಾಡಿಸಿದೆ. ಮಾರಿಯೋನ ಆಟದಲ್ಲಿ ಸ್ಕ್ರೀನು ಹಿಂದಕ್ಕೆ ಸರಿಯುವುದೇ ಇಲ್ಲ.

ಮನೆಗೆ ಬಂದು ಲೆಕ್ಕಕ್ಕೆ ಕೂತಾಗ ಕಣ್ಣು ಬಿಟ್ಟೆ. ಸ್ಕ್ರೀನಿಗೆ ಬೇಕಾದದ್ದು 12 ವೋಲ್ಟು. ಬೋರ್ಡಿಗೆ 5. ಸತ್ತ ಲ್ಯಾಪ್‌ಟಾಪಿನಿಂದ ಕಿತ್ತ ಎರಡು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಕೂಡಿಸಿದರೆ ಬರುವುದು 7.4. ಅಂದರೆ ನನ್ನ ಬಳಿ ಇದ್ದದ್ದು ಯಾರಿಗೂ ಬೇಡವಾದ ಕರೆಂಟು. ಒಂದು ಕಡೆ ಏರಿಸುವ ಮಾಡ್ಯೂಲು ಹಾಕಿದೆ, ಇನ್ನೊಂದು ಕಡೆ ಬೋರ್ಡಿನಲ್ಲಿಯೇ ಇದ್ದ 7805 ಎಂಬ ಮೂರು ಕಾಲಿನ ರೆಗ್ಯುಲೇಟರು ಇಳಿಸುತ್ತಿತ್ತು. ಏರಿಸಿ ಕೊಟ್ಟ 12 ವೋಲ್ಟನ್ನು ಸ್ಕ್ರೀನು ತನ್ನೊಳಗೆ ಮತ್ತೆ ಇಳಿಸಿಕೊಳ್ಳುತ್ತದೆ ಎಂಬುದನ್ನು ಓದಿದ ದಿನ ರಾತ್ರಿ ನನಗೆ ಊಟ ಸೇರಲಿಲ್ಲ. 7805 ಮಹಾಶಯ ಹೆಚ್ಚಾದ ವೋಲ್ಟನ್ನೆಲ್ಲ ಶಾಖ ಮಾಡಿ ಹೊರಗೆ ಬಿಡುತ್ತಾನೆ. ಅವನನ್ನು ನಾನು ಎಡಗೈ ಹಿಡಿಯುವ ಜಾಗದ ಹಿಂದೆಯೇ ಕೂರಿಸಿದ್ದೆ. ಯೊಕೊಯಿ ಅವರ ಲೆಕ್ಕ ನನಗೆ ಅರ್ಥವಾದದ್ದು ಅಲ್ಲಿ.

ಸೆಲ್ಲುಗಳ ವಿಷಯದಲ್ಲಿ ಮಾತ್ರ ನಾನು ಹುಡುಗಾಟ ಆಡಲಿಲ್ಲ. ಲಿಥಿಯಂ ಸೆಲ್ಲು ಶಾರ್ಟ್ ಆದರೆ ಅಥವಾ ಮಿತಿ ಮೀರಿ ಚಾರ್ಜ್ ಆದರೆ ಹೊತ್ತಿಕೊಳ್ಳಬಹುದು; ಅದಕ್ಕೆಂದೇ ಕಾವಲಿನ ಬೋರ್ಡು ಹಾಕಿದೆ, ಫ್ಯೂಸು ಹಾಕಿದೆ.

"ಇದು ಸಿಡಿಯಲ್ಲ ತಾನೆ?" ಎಂದಳು ಹೆಂಡತಿ.

"ಸಿಡಿಯೋ ಸಾಧ್ಯತೆ ತೀರಾ ಕಡಿಮೆ."

ಚಾರ್ಜಿಗೆ ಬಾಲ್ಕನಿಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ತುಳಸಿಯ ಕುಂಡ ಆ ಕಡೆಯ ಮೂಲೆಗೆ ಸರಿದಿತ್ತು. ಅಮ್ಮ ಯಾರಿಗೂ ಏನೂ ಹೇಳಲಿಲ್ಲ.

ನಿಜವಾದ ಪೀಡೆ ಕ್ಯಾಸೆಟ್ಟು. ಬೋರ್ಡಿಗಿಂತ ಕ್ಯಾಸೆಟ್ಟೇ ದೊಡ್ಡದು, ಅದೂ ನೆಟ್ಟಗೆ ನಿಲ್ಲುತ್ತದೆ. ಅದನ್ನು ಬೆನ್ನ ಹಿಂದೆ ಮಲಗಿಸಬೇಕಾದರೆ ಕನೆಕ್ಟರನ್ನು ಕಿತ್ತು ವೈರಿನಲ್ಲಿ ಎಳೆದುಕೊಳ್ಳಬೇಕು. ಕನೆಕ್ಟರಿಗೆ 60 ಕಾಲು. ಒಂದೊಂದು ಕಾಲಿಗೆ ಈ ತುದಿಗೊಂದು ಆ ತುದಿಗೊಂದು ಬೆಸುಗೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಪಟ್ಟಿ ಕೇಬಲ್ಲುಗಳನ್ನು ಕತ್ತರಿಸಿ, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಕೂತೆ. ಮನೆಯೆಲ್ಲ ಫ್ಲಕ್ಸಿನ ಹೊಗೆ. ಯಾವ ದೇವರಿಗೆ ಈ ಧೂಪ ಎಂದು ಪಕ್ಕದ ಮನೆಯವರು ಕೇಳಿಕೊಂಡು ಬಂದರು.

ಸ್ವಿಚ್ಚು ಹಾಕಿದೆ. ಹಾಡು ಬಂತು! ಅದೇ ಹಾಡು, ಒಂದು ಸ್ವರ ಆಚೀಚೆ ಇಲ್ಲ. ಮಗಳನ್ನೂ ಹೆಂಡತಿಯನ್ನೂ ಕೂಗಿ ಕರೆದೆ. ಮೂವರೂ ಬಗ್ಗಿ ನೋಡಿದೆವು. ಮಾರಿಯೋನ ತಲೆ ಇರಬೇಕಾದಲ್ಲಿ ಆಮೆಯ ಬೆನ್ನು. ಮೋಡದ ಜಾಗದಲ್ಲಿ ಇಟ್ಟಿಗೆ. ಅಂಕಿಗಳಿದ್ದ ಕಡೆ ಯಾವುದೋ ಕೋಟೆಯ ಚೂರು.

ಇದಕ್ಕೆ ಕಾರಣವಿದೆ. ಕ್ಯಾಸೆಟ್ಟಿನೊಳಗೆ ಆಟದ ಬುದ್ಧಿ ಒಂದು ಚಿಪ್ಪಿನಲ್ಲಿ, ಚಿತ್ರಗಳು ಇನ್ನೊಂದರಲ್ಲಿ ಇರುತ್ತವೆ. ಚಿತ್ರವೆಂದರೆ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ತುಣುಕುಗಳು, ಒಂದೊಂದಕ್ಕೂ ಒಂದು ನಂಬರು. ಚಿತ್ರದ ಚಿಪ್ಪಿಗೆ ವಿಳಾಸ ಹೇಳುವ ಎರಡು ವೈರು ಅದಲು ಬದಲಾದರೆ ಆಟ ಸರಿಯಾಗಿಯೇ ನಡೆಯುತ್ತದೆ. ತಲೆ ಕೇಳಿದರೆ ಬೇರೆ ಯಾವುದೋ ನಂಬರಿನ ತುಣುಕು ಬರುತ್ತದೆ, ಅಷ್ಟೆ. ಕಾರಣ ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಆ ಎರಡು ವೈರುಗಳು ಯಾವುವು ಎಂದು ನನಗೆ ಸಿಗಲಿಲ್ಲ. ಕೊನೆಗೆ ನನ್ನ ಮಾರಿಯೋ ಹೀಗೇ ಎಂದು ಒಪ್ಪಿಕೊಂಡೆ. ಮನೆಯವರು ನನ್ನನ್ನು ಒಪ್ಪಿಕೊಂಡಿಲ್ಲವೇ?

ಜಾಯ್‌ಸ್ಟಿಕ್ಕನ್ನು ಹ್ಯಾಕ್ಸಾದಿಂದ ಎರಡು ಹೋಳು ಮಾಡಿ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ ಕಥೆಯನ್ನು ಬೆಳೆಸುವುದಿಲ್ಲ. ಅದರ ಒಳಗಿನ ಗೆರೆಗಳು ಕಾರ್ಬನ್ನಿನವು, ಕಾರ್ಬನ್ನಿಗೆ ಸೀಸ ಹಿಡಿಯುವುದಿಲ್ಲ, ಉಳಿದದ್ದನ್ನು ಊಹಿಸಿಕೊಳ್ಳಿ. ಟಿ.ವಿ. ಗೇಮಿನ ಜೊತೆ ಬಂದಿದ್ದ ಬಂದೂಕನ್ನು ಸಜ್ಜಾ ಮೇಲೆಯೇ ಬಿಟ್ಟೆ. ಬಾತುಕೋಳಿ ಹೊಡೆಯುವ ಆ ಬಂದೂಕಿನಿಂದ ಏನೂ ಹೊರಗೆ ಹಾರುವುದಿಲ್ಲ, ಅದಕ್ಕಿರುವುದು ಒಂದು ಕಣ್ಣು. ಕುದುರೆ ಒತ್ತಿದಾಗ ಸ್ಕ್ರೀನು ಕ್ಷಣಮಾತ್ರ ಕಪ್ಪಾಗಿ, ಕೋಳಿ ಇದ್ದ ಕಡೆ ಬಿಳಿ ಚೌಕ ಮೂಡುತ್ತದೆ; ಕಣ್ಣಿಗೆ ಆ ಬೆಳಕು ಕಂಡರೆ ಕೋಳಿ ಸತ್ತಿತು. ಹಳೆಯ ಪಿಕ್ಚರ್ ಟ್ಯೂಬಿನ ಮಿಣುಕು ಮಾತ್ರ ಅದಕ್ಕೆ ಗುರುತು. ಈಗಿನ ತೆಳ್ಳನೆಯ ಸ್ಕ್ರೀನಿನ ಮುಂದೆ ಅದು ಕುರುಡು.

ಇಷ್ಟನ್ನೂ ತುಂಬಲು ಪೆಟ್ಟಿಗೆ ಬೇಕಲ್ಲ. ಸಿಕ್ಕ ಡಬ್ಬಗಳಲ್ಲಿ ಸೆಲ್ಲು ಹಿಡಿಸಿದರೆ ಸ್ಕ್ರೀನು ಹಿಡಿಸುತ್ತಿರಲಿಲ್ಲ, ಸ್ಕ್ರೀನು ಹಿಡಿಸಿದರೆ ಕ್ಯಾಸೆಟ್ಟು ಹೊರಗೆ. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ಗೋಡೆಗೆ ಹೊಡೆಯುವ ಪಿ.ವಿ.ಸಿ. ಸ್ವಿಚ್ ಬೋರ್ಡ್ ಪೆಟ್ಟಿಗೆ ತಂದೆ. ಎಲ್ಲವೂ ಸುಖವಾಗಿ ಕೂತವು. ಟಿ.ವಿ. ಗೇಮಿನ ಮೂಲ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದೇ ಚಿಕ್ಕದಾಗಿ ಕಾಣುತ್ತಿತ್ತು. ಅದನ್ನು ತಕ್ಷಣ ಕಸಕ್ಕೆ ಹಾಕಿದೆ.

ಜೇಬಿನಲ್ಲಿ ಹಿಡಿಸದಿದ್ದರೂ ಬ್ಯಾಗಿನಲ್ಲಿ ಹಿಡಿಸಿತು. ಸಹೋದ್ಯೋಗಿಗಳ ಮುಂದೆ ಮೆರೆಯೋಣವೆಂದು ಆಫೀಸಿಗೆ ಒಯ್ದೆ. ಗೇಟಿನಲ್ಲಿ ಬ್ಯಾಗು ತೆರೆಸಿದರು.

"ಏನ್ರೀ ಸರ ಇದು? ಬಿ.ಪಿ. ನೋಡೂ ಮಶೀನೇನ್ರಿ?" ಎಂದರು ಸೆಕ್ಯೂರಿಟಿಯವರು.

ನಾನು ಸ್ವಿಚ್ಚು ಹಾಕಿ ತೋರಿಸಿದೆ. ಆಮೆತಲೆಯ ಮಾರಿಯೋ ಓಡಿದ. ಅವರು ಗಂಭೀರವಾಗಿ ನೋಡಿ ರಿಜಿಸ್ಟರ್ ತೆರೆದರು.

"ಮೇಕ್?"

"ನಾನೇ ಮಾಡಿದ್ದು."

"ನಿಮ್ಮ ಹೆಸರು ಬರದೆ. ಮಾಡೆಲ್?"

ನಾನು ತಡವರಿಸಿದೆ. ಅವರು 'ಹಳೇದು' ಎಂದು ಬರೆದರು. ಸೀರಿಯಲ್ ನಂಬರಿನ ಜಾಗದಲ್ಲಿ ಸ್ವಿಚ್ ಬೋರ್ಡ್ ಪೆಟ್ಟಿಗೆಯ ಬೆನ್ನಿನ ಮೇಲಿದ್ದ ಬೆಲೆಯನ್ನು ಬರೆದುಕೊಂಡರು. ಆದರೂ ಒಳಗೆ ಬಿಡುವಂತಿರಲಿಲ್ಲ. ಹಾಗೆಂದು ವಾಪಸು ಹೊರಗೆ ಒಯ್ಯಲೂ ಮ್ಯಾನೇಜರ್ ಸಹಿಯ ಗೇಟ್ ಪಾಸ್ ಬೇಕಂತೆ. ಮ್ಯಾನೇಜರು ರಜೆಯಲ್ಲಿದ್ದರು. ವಸ್ತು ಗೇಟಿನ ಕ್ಯಾಬಿನ್ನಿನಲ್ಲಿ ಉಳಿಯಿತು.

ಅವರು ರಜೆ ಮುಗಿಸಿ ಬಂದ ಮೇಲೆ ಸಹಿ ಹಾಕಿಸಿಕೊಂಡು ಓಡಿದೆ. ಕ್ಯಾಬಿನ್ನಿನೊಳಗಿಂದ ಪರಿಚಿತ ಹಾಡು. ಡ್ಯೂಟಿ ಮುಗಿಸಿದ ಇಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ನನ್ನ ಪೆಟ್ಟಿಗೆ ಮೇಜಿನ ಮೇಲೆ ತೆರೆದುಕೊಂಡಿತ್ತು. ಸೆಲ್ಲುಗಳನ್ನು ಬೇರೆಯಾಗಿ ತೆಗೆದು, ತುದಿಗಳಿಗೆ ಟೇಪು ಸುತ್ತಿ, ಕವರಿನಲ್ಲಿಟ್ಟಿದ್ದರು. ಗೋಡೆಯ ಪ್ಲಗ್ಗಿನಿಂದ ಒಂದು 9 ವೋಲ್ಟಿನ ಅಡಾಪ್ಟರು ಬಂದಿತ್ತು. ಹಳದಿ ವೈರನ್ನು ನನ್ನ ಸ್ಕ್ರೀನಿನಿಂದ ಕಿತ್ತು, ಮೂಲೆಯಲ್ಲಿದ್ದ ಹಳೆಯ ಡಬ್ಬಾ ಟಿ.ವಿ.ಗೆ ಚುಚ್ಚಿದ್ದರು. ಅದರಲ್ಲಿ ಮಾರಿಯೋ ಓಡುತ್ತಿದ್ದ, ಸ್ವಂತ ತಲೆಯೊಂದಿಗೆ.

"ಎರಡು ವೈರ್ ಅದ್ಲಿ ಬದ್ಲಿ ಆಗಿದ್ವರಿ ಸರ, ಸರಿ ಮಾಡೇನಿ" ಎಂದರು ರಿಜಿಸ್ಟರಿನವರು. "ಊರಾಗ ನಾ ಟಿ.ವಿ. ರಿಪೇರಿ ಮಾಡ್ತಿದ್ನಿರಿ. ಸಣ್ಣ ಸ್ಕ್ರೀನಿನ್ಯಾಗ ಕಣ್ಣು ನೋಯ್ತಾವ್ರಿ. ಆ ಸೆಲ್ಲೂ ಬ್ಯಾಡ್ರಿ, ಕೈ ಸುಡತೈತಿ."

ನಾನು ಗೇಟ್ ಪಾಸನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅದೊಂದು ಹಿಡಿಸಿತು.

"ಸರ, ಇದರ ಜೋಡಿ ಒಂದು ಬಂದೂಕು ಬರ್ತಿತ್ತಲ್ರಿ, ಮನ್ಯಾಗ ಐತೇನು? ಈ ಟಿ.ವಿ.ಗೆ ನಡೀತೈತ್ರಿ ಅದು."

"ಇದೆ. ನಾಳೆ ತರ್ತೀನಿ."

ಅವರಿಗೆ ಬಹಳ ಸಂತೋಷವಾಯಿತು. ಆಟ ನಿಲ್ಲಿಸಿ, ಪೆನ್ನು ತೆಗೆದು, ಮೊದಲೇ ತಯಾರಿರಲಿ ಎಂದು ರಿಜಿಸ್ಟರಿನಲ್ಲಿ ಮರುದಿನದ ತಾರೀಕು ಹಾಕಿದರು. ನನ್ನ ಹೆಸರು ಬರೆದರು. ಒಳಗೆ ತಂದ ವಸ್ತುವಿನ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ನನ್ನ ಮುಖ ನೋಡಿದರು, ಗೇಟಿನ ಕ್ಯಾಮೆರಾ ನೋಡಿದರು.

"ಸರ, ಇಲ್ಲಿ ಏನಂತ ಬರೀಲ್ರಿ?"